ಚಾಪೆಗೆ ಕೊನೆಯಲ್ಲಿ ಬರುವ ಬಟ್ಟಲು

ಚಿತ್ರದುರ್ಗದ ಚರ್ಚಿನ ಎರಡನೇ ಗಂಟೆ ಢಣಢಣ ಹೊಡೆದಾಗ ಉಪದೇಶಿ ಕರುಣಮ್ಮ ಮೆಟ್ಟಿಲು ಹತ್ತಿದಳು. ಹಿರಿಯೂರು, ಹೊಳಲ್ಕೆರೆಯ ಕೇರಿಗಳಲ್ಲಿ ಬೋಧಿಸಿಕೊಂಡಿದ್ದವಳಿಗೆ ಪಟ್ಟಣದಲ್ಲಿ ಇದೇ ಮೊದಲ ಪ್ರಸಂಗ. ಇಲ್ಲಿ ಕರ್ತನ ಭೋಜನದ ಆರಾಧನೆಯಲ್ಲಿ ಎಲ್ಲರೂ ಗುಟುಕರಿಸುವ ದ್ರಾಕ್ಷಾರಸದ ಬಟ್ಟಲು ಬೆಂಚಿನವರನ್ನೆಲ್ಲ ಮುಗಿಸಿಕೊಂಡು ಕೊನೆಗೆ ಹಿಂದಿನ ಚಾಪೆಗೆ, ಅಲ್ಲಿ ಕೂರುವ ಬೀದಿ ಗುಡಿಸುವವರ ತುಟಿಗೆ ಬರುತ್ತಿತ್ತು. ಈ ಪದ್ಧತಿ ನಿಲ್ಲಲಿ ಎಂದು ಹೇಳಲು ಅವಳು ನಿಶ್ಚಯಿಸಿದ್ದಳು. ಸಭೆಯ ಹಿರಿಯ ಸತ್ಯಾನಂದಪ್ಪ ಬಾಗಿಲಲ್ಲೇ ತಡೆದ.

"ಏನಮ್ಮಾ, ಬಟ್ಟಲಿನ ವಿಷ್ಯ ಎತ್ತೋಳಿದ್ದೀಯಂತೆ? ನೀನಿರೋ ಮನೆ ಸಭೇದು, ನೆನಪೈತಾ?"

"ಐತ್ರಿ ಸಾರ್."

"ಬಿಡಿಸಿದ್ರೆ ಮುದುಕಿ ಅತ್ತೇನ ಎಲ್ಲಿ ಮಲಗಿಸ್ತೀಯ?"

ಕರುಣಮ್ಮನಿಗೆ ಅತ್ತೆಯ ಕೆಮ್ಮು ನೆನಪಾಯಿತು.

"ಇಲ್ಲೇ, ಚಾಪೆ ಮ್ಯಾಲೆ ಮಲಗಿಸ್ತೀನ್ರಿ."

"ತಮಾಷೇನಾ? ಸುಮ್ನೆ ಪ್ರೀತಿ ಬಗ್ಗೆ ನಾಕು ಮಾತಾಡಿ ಇಳಿ, ನಾನೇ ಆಮೇಲೆ ಕಮಿಟೀಲಿ ಈ ವಿಷ್ಯ ಎತ್ತಿ..."

ಅವನ ಮಾತು ಮುಗಿಯುವ ಮೊದಲೇ ಬೈಬಲ್ಲನ್ನು ಎದೆಗವಚಿಕೊಂಡು ಅವಳು ಪ್ರಸಂಗಪೀಠದತ್ತ ನಡೆದುಬಿಟ್ಟಳು.