ಅತ್ತಿಗೆಯ ಹಲ್ಲಿನ ಕುದುರೆ

ನಾನು ಹಲ್ಲಿನ ಸೆಟ್ಟು ಮಾಡುವವನು. ಡಾಕ್ಟರಲ್ಲ, ಆ ಭ್ರಮೆ ಯಾರಿಗೂ ಬೇಡ. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ನಾನು ಅದಕ್ಕೆ ತಕ್ಕ ಹಲ್ಲು ಕೂರಿಸುತ್ತೇನೆ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಇದರ ಜೊತೆಗೊಂದು ಹುಚ್ಚು. ಗುಜರಿ ಅಂಗಡಿಯ ಹಳೇ ಆಟಿಕೆಗಳನ್ನು ಕತ್ತರಿಸಿ, ಜೋಡಿಸಿ, ಹೊಸ ಬಣ್ಣ ಹಚ್ಚಿ ಬೇರೆಯೇ ಜೀವಿ ಮಾಡುವುದು. ಸಿಪಾಯಿಯ ಮೈಗೆ ಆಮೆಯ ತಲೆ ಕೂರಿಸಿ, ಬಂದೂಕು ಕಿತ್ತು ಕೈಗೆ ಕೊಡೆ ಕೊಟ್ಟರೆ, ಮಳೆಗೆ ಹೆದರುವ ಸೇನಾಪತಿ ರೆಡಿ! ಸೆಟ್ಟಿನ ವಸಡು ಮಾಡಿ ಉಳಿದ ಗುಲಾಬಿ ಬಣ್ಣದ ಪುಡಿಯನ್ನು ಕಲಸಿದರೆ ಮೂಗು, ಕಿವಿ, ಕೋಡು ಏನು ಬೇಕಾದರೂ ಆಗುತ್ತದೆ. ಅಳುವ ಮಕ್ಕಳು ಸುಮ್ಮನಾಗಲಿ ಎಂದು ಡಾಕ್ಟರು ಅವನ್ನು ಹೊರಗಿನ ಗಾಜಿನ ಕಪಾಟಿನಲ್ಲಿ ಇಡಿಸಿದ್ದರು. ಎಲ್ಲರೂ ಹೊಗಳುವವರೇ. ತಲೆಗೇರಿತು, ಸುಳ್ಳೇಕೆ?

ಆಟಿಕೆ ಹುಡುಕಿ ತರುತ್ತಿದ್ದುದು ಅತ್ತಿಗೆ, ನನ್ನ ಅಣ್ಣನ ಹೆಂಡತಿ. ಹೊಲಿಗೆ ಕೆಲಸ ಮುಗಿಸಿ ಬರುವಾಗ ಗುಜರಿಯವನ ಜೊತೆ ಜಗಳವಾಡಿ ಚೀಲ ತುಂಬ ತಂದು, ಸೋಪು ಹಾಕಿ ತಿಕ್ಕಿ, "ತಗೋ, ನಿನ್ನ ಪ್ರಜೆಗಳು" ಎಂದು ನನ್ನ ಮುಂದೆ ಸುರಿಯುತ್ತಿದ್ದರು. ಅವರು ನಕ್ಕರೆ ಮೂರು ಮನೆಗೆ ಕೇಳುತ್ತಿತ್ತು. ಉಬ್ಬುಹಲ್ಲು, ಮುಂದಿನ ಎರಡು ಒಂದರ ಮೇಲೊಂದು ಹತ್ತಿ ಕೂತಿದ್ದವು. ಅದರ ಪರಿವೆಯೇ ಅವರಿಗಿರಲಿಲ್ಲ. ನಾನು ಕೆಲಸ ಕಲಿಯುವಾಗ ನನ್ನ ಕೈಗೆ ಬಾಯಿ ಕೊಡಲು ಯಾರೂ ಒಪ್ಪದಿದ್ದಾಗ, "ಬಾರೋ, ನನ್ನ ಹಲ್ಲಿನ ಅಚ್ಚು ತೆಗಿ, ಕೆಟ್ರೆ ಕೆಡ್ಲಿ" ಎಂದು ಬಾಯಿ ತೆರೆದು ಕೂತವರು ಅವರು. ಆ ಅಚ್ಚನ್ನು ನಾನು ಜೋಪಾನವಾಗಿ ಇಟ್ಟುಕೊಂಡಿದ್ದೆ.

ಒಂದು ದಿನ ರಾಣಿ ಬೊಂಬೆಯ ಮೈಗೆ ಕುದುರೆಯ ತಲೆ ಜೋಡಿಸಿದೆ. ಕುದುರೆ ನಗಬೇಕು ಅನ್ನಿಸಿತು. ಎಂಥ ಹಲ್ಲು ಕೊಡಲಿ? ಕೈ ನೇರವಾಗಿ ಆ ಅಚ್ಚಿಗೆ ಹೋಯಿತು. ಅದೇ ಓರೆ, ಅದೇ ಸಂದು, ನೋಡಿ ನೋಡಿ ಚಿಕ್ಕದಾಗಿ ಕೆತ್ತಿದೆ. ಗೊತ್ತಿಲ್ಲದೆ ಮಾಡಿದೆ ಅಂದರೆ ನನ್ನ ಬಾಯಿಗೆ ಹುಳ ಬೀಳಲಿ. ಕೆತ್ತುತ್ತಾ ಒಬ್ಬನೇ ನಕ್ಕಿದ್ದೆ ಕೂಡ.

ಅದನ್ನು ಕಪಾಟಿಗಿಟ್ಟ ವಾರದಲ್ಲೇ ಅತ್ತಿಗೆ ನನ್ನ ಊಟದ ಡಬ್ಬಿ ಕೊಡಲು ಕ್ಲಿನಿಕ್ಕಿಗೆ ಬಂದರು. ಹಲ್ಲು ತೋರಿಸಲು ಬಂದಿದ್ದ ಪಕ್ಕದ ಮನೆಯ ಹುಡುಗಿ ಕೂಗಿದಳು:

"ಅಯ್ಯೋ ಆಂಟಿ, ನೋಡಿ! ಕುದುರೆಗೆ ನಿಮ್ದೇ ಹಲ್ಲು!"

ಕೂತಿದ್ದವರೆಲ್ಲ ಒಮ್ಮೆ ಕುದುರೆಯನ್ನು, ಒಮ್ಮೆ ಅತ್ತಿಗೆಯನ್ನು ನೋಡಿ ಗೊಳ್ಳೆಂದರು. ಥೂ ನನ್ನ ಜನ್ಮಕ್ಕೆ, ನಾನೂ ಹಲ್ಲು ಕಿರಿದೆ. ಅತ್ತಿಗೆ ಬಗ್ಗಿ ನೋಡಿದರು. "ಹೌದಲ್ವೇ" ಎಂದು ನಕ್ಕರು, ಬಾಯಿಗೆ ಕೈ ಅಡ್ಡ ಹಿಡಿದು.

"ಅದು ಯಾರೋ ಪೇಷೆಂಟ್ದು, ಅತ್ತಿಗೆ" ಎಂದುಬಿಟ್ಟೆ.

"ಸರಿ ಬಿಡು. ಊಟ ಆರೋಗತ್ತೆ, ತಿನ್ನು" ಎಂದು ಹೊರಟುಹೋದರು.

ಅವತ್ತೇ ಕುದುರೆಯನ್ನು ಚೂರುಚೂರು ಮಾಡಿದೆ. ಏನು ಪ್ರಯೋಜನ? ಆಮೇಲೆ ಮನೆಯಲ್ಲಿ ಅತ್ತಿಗೆಗೆ ನಗು ಬಂದರೆ ಅದಕ್ಕಿಂತ ಮೊದಲು ಕೈ ಬಾಯಿಗೆ ಬರುತ್ತಿತ್ತು. ಆಟಿಕೆ ತರುವುದನ್ನು ಮಾತ್ರ ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. 'ತಪ್ಪಾಯ್ತು' ಎನ್ನುವ ಒಂದು ಮಾತು ನಾಲ್ಕು ತಿಂಗಳು ನನ್ನ ಗಂಟಲಲ್ಲೇ ಕೂತಿತ್ತು. ನಾಳೆ ಹೇಳಿದರಾಯಿತು ಎಂದು ದಿನ ತಳ್ಳಿದೆ.

ಒಂದು ಬೆಳಗ್ಗೆ ಅತ್ತಿಗೆ ಕ್ಲಿನಿಕ್ಕಿನ ನನ್ನ ಕೋಣೆಗೇ ಬಂದರು. ಮೇಲ್ದುಟಿ ಊದಿತ್ತು, ಬಾಯಲ್ಲಿ ಹತ್ತಿ.

"ಗಟ್ಟಿ ಹಲ್ಲು, ಕೀಳಲ್ಲ ಅಂದ್ರು ನಿಮ್ಮ ಡಾಕ್ಟ್ರು. ಬೇರೆ ಕಡೆ ಕೀಳಿಸ್ದೆ. ಸೆಟ್ಟು ನೀನೇ ಮಾಡ್ಕೊಡ್ಬೇಕು."

ಕೈಲಿದ್ದ ಕೆಲಸ ಕೆಳಗಿಟ್ಟು ಎದ್ದೆ. "ಅತ್ತಿಗೆ, ಅವತ್ತು ನಾನು..."

"ಸುಮ್ನಿರೋ. ಎರಡೂ ನೆಟ್ಟಗೆ ಕೂರ್ಸು, ಅಷ್ಟು ಸಾಕು."

ಗಾಯ ಮಾಗಿದ ಮೇಲೆ ಮಾಡಿಕೊಟ್ಟೆ. ಅಷ್ಟು ಚೆಂದದ ಹಲ್ಲನ್ನು ನಾನು ಯಾರಿಗೂ ಮಾಡಿಲ್ಲ. ಈಗ ಬಂದ ನೆಂಟರೆಲ್ಲ ಅತ್ತಿಗೆಯ ಮುಖ ನೋಡಿ, ಎಷ್ಟು ಲಕ್ಷಣವಾಗಿದ್ದೀರಿ ಅನ್ನುತ್ತಾರೆ. ಅತ್ತಿಗೆ ನನ್ನ ಬೆನ್ನು ತಟ್ಟಿ, "ಎಲ್ಲಾ ನಮ್ಮ ಮೈದುನನ ಕೈಗುಣ" ಎಂದು ಹೆಮ್ಮೆಯಿಂದ ಹೇಳುತ್ತಾರೆ. ನಾನು ತಲೆ ತಗ್ಗಿಸುತ್ತೇನೆ. ಜನ ಅದನ್ನು ವಿನಯ ಅಂದುಕೊಳ್ಳುತ್ತಾರೆ.