ಹೆಸರಿಲ್ಲದ ಅಳತೆ ಚೀಟಿ

ಗುಂಡುಸೂಜಿಗೆ ತಾನು ಬಸುರಿ ಎಂದು ತಿಳಿದದ್ದು ಎರಡು ವಿಮಾನಗಳ ನಡುವೆ. ಒಂದು ಇಳಿಸಿ ಹೋಗಿತ್ತು, ಇನ್ನೊಂದು ಬರಲು ನಾಲ್ಕು ಗಂಟೆ ಇತ್ತು. ಹೊರಡುವ ಹಿಂದಿನ ದಿನ ಔಷಧಿ ಅಂಗಡಿಯಲ್ಲಿ ನೆಗಡಿ ಮಾತ್ರೆಯ ನೆಪ ಹೇಳಿ ಕೊಂಡಿದ್ದ ಪರೀಕ್ಷೆಯ ಕಡ್ಡಿಯನ್ನು ಅವಳು ಅಳತೆ ಟೇಪಿನೊಳಗೆ ಸುತ್ತಿ ಕೈಚೀಲದಲ್ಲಿ ಇಟ್ಟುಕೊಂಡಿದ್ದಳು. ನಿಲ್ದಾಣದ ಬಚ್ಚಲುಮನೆಯಲ್ಲಿ ಕಡ್ಡಿಯ ಮೇಲೆ ಎರಡು ಗೆರೆ ಮೂಡಿದವು. ಬಾಗಿಲಾಚೆ ಯಾರೋ ಕೈ ಒಣಗಿಸುವ ಯಂತ್ರವನ್ನು ಮತ್ತೆ ಮತ್ತೆ ಒತ್ತುತ್ತಿದ್ದರು. ಅವಳು ಕಡ್ಡಿಯನ್ನು ಮತ್ತೆ ಟೇಪಿನೊಳಗೆ ಸುತ್ತಿಟ್ಟು, ಮುಖ ತೊಳೆದುಕೊಂಡು, ಹೊರಗೆ ಬಂದು ಕುರ್ಚಿಯಲ್ಲಿ ಕೂತಳು. ಸುತ್ತ ಇನ್ನೂರು ಜನ ಇದ್ದರು. ಹೇಳಿಕೊಳ್ಳಲು ಒಬ್ಬರೂ ಇರಲಿಲ್ಲ.

ಗುಂಡುಸೂಜಿ ಎಂಬ ಅಡ್ಡಹೆಸರು ಇಟ್ಟವರು ಅತ್ತೆ. ಅತ್ತೆಯೂ ದರ್ಜಿ, ಸೊಸೆಗೆ ಕೆಲಸ ಕಲಿಸಿದವರೂ ಅವರೇ. ಬಟ್ಟೆ ತೊಡಿಸಿ ಸರಿ ನೋಡುವಾಗ ನಾಲ್ಕೈದು ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡೇ ಇರುವುದು ಅವಳ ಅಭ್ಯಾಸ. "ಬಾಯ್ತುಂಬ ಸೂಜಿ ಇಟ್ಕೊಂಡೂ ಗಿರಾಕಿಗೆ ಬುದ್ಧಿ ಹೇಳ್ತಾಳೆ ನೋಡಿ ನಮ್ಮ ಗುಂಡುಸೂಜಿ" ಎಂದು ಅತ್ತೆ ಬಂದವರ ಮುಂದೆಲ್ಲ ನಗುತ್ತಿದ್ದರು.

ಅತ್ತೆಯ ಬಾಯಿ ಒಳ್ಳೆಯದು, ಆದರೆ ಅದಕ್ಕೆ ಬಾಗಿಲಿಲ್ಲ. ಮೂರು ವರ್ಷದ ಹಿಂದೆ ಇವಳಿಗೆ ಮೊದಲ ಸಲ ಮುಟ್ಟು ನಿಂತಾಗ ಬೀದಿಯ ಈ ತುದಿಯಿಂದ ಆ ತುದಿಗೆ ಒಂದೇ ಬೆಳಿಗ್ಗೆಯಲ್ಲಿ ಸುದ್ದಿ ಮುಟ್ಟಿಸಿದ್ದರು. ಒಂಬತ್ತನೆಯ ವಾರದಲ್ಲಿ ಅದು ಹೋಯಿತು. ಆಮೇಲೆ ಹೇಳಿದವರಿಗೆಲ್ಲ ಮತ್ತೆ ಹೇಳಬೇಕಾಯಿತು. ಆ ಸುದ್ದಿ ಮುಟ್ಟದೆ ಉಳಿದ ಹಾಲಿನವನು ಆರು ತಿಂಗಳಾದ ಮೇಲೆ, "ಹೆರಿಗೆಗೆ ಯಾವ ಆಸ್ಪತ್ರೆ ಅಮ್ಮಾ?" ಎಂದು ಕೇಳಿದ್ದ. ಅವತ್ತು ಅತ್ತೆ ಹಾಲು ಒಲೆಯ ಮೇಲಿಟ್ಟು ಮರೆತರು. ಸೊಸೆಯೂ ನೆನಪಿಸಲಿಲ್ಲ.

ಹಾಗಾಗಿ ಆ ಕುರ್ಚಿಯಲ್ಲಿ ಕೂತೇ ಅವಳು ನಿರ್ಧರಿಸಿದಳು. ಹನ್ನೆರಡು ವಾರ ಕಳೆಯುವ ತನಕ ಯಾರಿಗೂ ಇಲ್ಲ. ಗಂಡನಿಗೂ ಇಲ್ಲ. ಗಂಡ ಶಾಲೆಯ ವ್ಯಾನ್ ಓಡಿಸುವವನು, ಮನಸ್ಸಿನಲ್ಲಿದ್ದದ್ದು ಮುಖದಲ್ಲಿ ಬರುತ್ತಿತ್ತು. ಅವನಿಗೆ ಹೇಳಿದರೆ ಅತ್ತೆಗೆ ಹೇಳಿದಂತೆಯೇ. ಇನ್ನು ಹೊಸ ಕೆಲಸದ ಕಡೆಯವರಿಗಂತೂ ಇಲ್ಲವೇ ಇಲ್ಲ. ಮೊದಲ ಮೂರು ತಿಂಗಳು ಪರೀಕ್ಷೆಯ ಕಾಲ, ಇಷ್ಟವಾಗದಿದ್ದರೆ ಕಾರಣ ಹೇಳದೆ ಕಳಿಸಬಹುದು ಎಂದು ಸಹಿ ಹಾಕಿದ ಕಾಗದದಲ್ಲೇ ಇತ್ತು. ಈ ಕೆಲಸ ಕೈಗೆ ಬರಲು ಎರಡು ವರ್ಷ ಓಡಾಡಿದ್ದಳು.

ಕೆಲಸವಿದ್ದದ್ದು ದೂರದೇಶದಲ್ಲಿ, ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ. ಮುಂದಿನ ಕೋಣೆಯಲ್ಲಿ ಅಳತೆ, ನಡುವೆ ಕತ್ತರಿಸುವ ಉದ್ದನೆಯ ಮೇಜು, ಹಿಂದೆ ಆರು ಮೆಷಿನ್, ಮೂಲೆಯಲ್ಲಿ ಹಬೆಯ ಇಸ್ತ್ರಿ. ಬೆಳಿಗ್ಗೆ ಅಳತೆ ತೆಗೆಯುವುದು, ಮಧ್ಯಾಹ್ನ ಇಸ್ತ್ರಿ ಮೇಜಿನ ಮುಂದೆ ನಿಲ್ಲುವುದು ಅವಳ ಪಾಲಿನ ಕೆಲಸ. ಅಳತೆಯನ್ನು ಹಳದಿ ಚೀಟಿಯ ಮೇಲೆ ಬರೆದು, ತಲೆಗೆ ಗಿರಾಕಿಯ ನಂಬರು ಹಾಕಿ, ಬಟ್ಟೆಗೆ ಚುಚ್ಚಿ ಕತ್ತರಿಸುವವರಿಗೆ ಕಳಿಸಬೇಕು. ಹೆಸರು ಬರೆಯುವ ಪದ್ಧತಿಯಿಲ್ಲ. ನಂಬರಿಲ್ಲದ ಚೀಟಿಗೆ ಕತ್ತರಿ ಹಾಕಬಾರದು ಎಂಬುದು ಅಲ್ಲಿನ ಕಟ್ಟುನಿಟ್ಟು.

ಅಂಗಡಿಯ ಯಜಮಾನಿ ಎತ್ತರದ ಹೆಂಗಸು, ಕನ್ನಡಕವನ್ನು ದಾರ ಕಟ್ಟಿ ಕುತ್ತಿಗೆಗೆ ನೇತುಹಾಕಿಕೊಂಡಿರುತ್ತಿದ್ದಳು. ಅವಳ ಭಾಷೆಯಲ್ಲಿ ಗುಂಡುಸೂಜಿಗೆ ಬರುತ್ತಿದ್ದದ್ದು ಅಂಕಿಗಳು, ಅಂಗಾಂಗಗಳ ಹೆಸರು, ಬಣ್ಣಗಳು, ಅಷ್ಟೇ. ಇಡೀ ಅಂಗಡಿಯಲ್ಲಿ ಇವಳ ಮಾತು ಬರುತ್ತಿದ್ದವರು ಒಬ್ಬರೇ, ಕಟಿಂಗ್ ಮಾಸ್ಟರು. ಅರವತ್ತು ದಾಟಿದವರು, ಅಲ್ಲಿಗೆ ಬಂದು ಇಪ್ಪತ್ತೆರಡು ವರ್ಷ ಆಗಿತ್ತು. ಮಾವನವರ ಹಳೆಯ ಸ್ನೇಹಿತರು, ಅವಳಿಗೆ ಈ ಕೆಲಸ ಹೇಳಿ ಕೊಡಿಸಿದ್ದೂ ಅವರೇ. ಊರಲ್ಲಿ ಅವರನ್ನು ರೇಡಿಯೋ ಮಾಸ್ಟರು ಎನ್ನುತ್ತಿದ್ದರು.

"ಬಾರಮ್ಮ, ನಾಲಿಗೆಗೆ ತುಕ್ಕು ಹಿಡಿದಿತ್ತು" ಎಂದು ಮೊದಲ ದಿನವೇ ಶುರು ಮಾಡಿದರು. "ಇವರ ಹತ್ರ ಏನು ಮಾತಾಡೋದು? ಇವತ್ತು ಚಳಿ ಅಂತಾರೆ, ನಾನು ಹೌದು ಚಳಿ ಅಂತೀನಿ. ಮುಗೀತು. ನಾಳೆ ಬೆಳಿಗ್ಗೆ ಮತ್ತೆ ಚಳಿ."

ಅವರಿಗಿಂತ ಹೆಚ್ಚಾಗಿ ಅವಳು ಯಾರಿಗೂ ಹೆದರಲಿಲ್ಲ. ಅವರ ಕಿವಿಗೆ ಬಿದ್ದರೆ ಸಂಜೆಯೊಳಗೆ ಅತ್ತೆಯ ಮನೆಯ ಫೋನು ಕೂಗುತ್ತಿತ್ತು.

ಅವಳ ಕೋಣೆ ಒಂದು ಬಟ್ಟೆ ಒಗೆಯುವ ಅಂಗಡಿಯ ಮೇಲಿತ್ತು. ಜೊತೆಗೆ ಇನ್ನೊಬ್ಬಳು ಇದ್ದಳು, ಆದರೆ ಅವಳದು ರಾತ್ರಿ ಪಾಳಿ. ಇವಳು ಬರುವ ಹೊತ್ತಿಗೆ ಅವಳು ಹೊರಟಾಗಿರುತ್ತಿತ್ತು. ತೊಳೆದು ಬೋರಲು ಹಾಕಿದ ಲೋಟದಿಂದ ಇನ್ನೂ ನೀರು ಜಿನುಗುತ್ತಿದ್ದರೆ ಈಗತಾನೆ ಹೋದಳು ಎಂದು ಲೆಕ್ಕ. ಒಂದು ತಿಂಗಳಲ್ಲಿ ಇವಳು ಅವಳ ಮುಖಕ್ಕಿಂತ ಆ ಲೋಟವನ್ನೇ ಹೆಚ್ಚು ಕಂಡಿದ್ದಳು.

ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅಂಗಡಿಯ ಹಿತ್ತಲ ಮೆಟ್ಟಿಲ ಮೇಲೆ ಕೂತು ಮನೆಗೆ ಫೋನು ಮಾಡುತ್ತಿದ್ದಳು.

"ಊಟ ಆಯ್ತಾ?" ಎನ್ನುತ್ತಿದ್ದ ಗಂಡ.

"ಆಯ್ತು."

"ಏನು ಊಟ?"

"ಅನ್ನ." ಬಿಚ್ಚದ ಡಬ್ಬಿ ಪಕ್ಕದಲ್ಲೇ ಇರುತ್ತಿತ್ತು. ಅನ್ನದ ವಾಸನೆಗೇ ಹೊಟ್ಟೆ ತೊಳಸುತ್ತಿತ್ತು.

"ಮತ್ತೇನು ಸಮಾಚಾರ?"

"ಏನಿಲ್ಲ."

ಗುಂಡುಸೂಜಿಯೂ ಈಗ ಬಾಯಿಗೆ ಸೇರುತ್ತಿರಲಿಲ್ಲ. ಲೋಹ ತುಟಿಗೆ ತಾಗಿದರೆ ಸಾಕು, ಬಾಯಲ್ಲಿ ನೀರೂರಿ ವಾಕರಿಕೆ ಬರುತ್ತಿತ್ತು. ತೋಳಿನ ಬಟ್ಟೆಗೆ ಚುಚ್ಚಿಕೊಳ್ಳತೊಡಗಿದಳು. ಯಜಮಾನಿ ಒಂದೆರಡು ಸಲ ಅದನ್ನು ನೋಡಿದಳು.

ಹೊಟ್ಟೆಯಲ್ಲಿರುವುದು ಇದೆಯೋ ಇಲ್ಲವೋ ಎಂದು ತಿಳಿಯಲು ಅವಳಿಗೆ ಗೊತ್ತಿದ್ದ ದಾರಿ ಒಂದೇ. ಆಸ್ಪತ್ರೆಗೆ ಹೋಗಬೇಕಾದರೆ ಅಂಗಡಿಯ ಪತ್ರ ಬೇಕಿತ್ತು, ಪತ್ರ ಕೇಳಿದರೆ ಕಾರಣ ಹೇಳಬೇಕಿತ್ತು. ಅದಕ್ಕೇ ವಾರಕ್ಕೊಮ್ಮೆ, ಸೋಮವಾರ ಬೆಳಿಗ್ಗೆ, ಬರಿಹೊಟ್ಟೆಯಲ್ಲಿ ತನ್ನನ್ನೇ ಅಳೆದುಕೊಳ್ಳುತ್ತಿದ್ದಳು. ತನ್ನ ಎದೆಯನ್ನು ತಾನೇ ಅಳೆಯುವುದು ಸುಲಭವಲ್ಲ, ಬೆನ್ನ ಹಿಂದೆ ಟೇಪು ಜಾರುತ್ತದೆ. ಗೋಡೆಗೆ ಒರಗಿ, ಟೇಪನ್ನು ಬೆನ್ನಿಗೂ ಗೋಡೆಗೂ ನಡುವೆ ಒತ್ತಿ ಹಿಡಿದು, ಮುಂದೆ ಎಳೆದು ಓದುತ್ತಿದ್ದಳು. ಕೈಗೆ ಸಿಗುತ್ತಿದ್ದದ್ದು ಅಂಗಡಿಯ ಹಳದಿ ಚೀಟಿಯೇ. ಅದರ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ತಾರೀಖು, ಎದೆ, ಸೊಂಟ. ಸೊಂಟ ಇಪ್ಪತ್ತೊಂಬತ್ತಕ್ಕೇ ನಿಂತಿತ್ತು. ಎದೆ ಮಾತ್ರ ಮೂವತ್ತಮೂರರಿಂದ ಕಾಲು ಕಾಲು ಇಂಚು ಮೇಲೇರುತ್ತಿತ್ತು. ಆ ಕಾಲಿಂಚು ಕಂಡ ದಿನ ಅವಳಿಗೆ ಬ್ರೆಡ್ಡು ಸೇರುತ್ತಿತ್ತು.

ಒಂಬತ್ತನೆಯ ವಾರದ ಸೋಮವಾರ ಬೆಳಿಗ್ಗೆ ಒಳಬಟ್ಟೆಯ ಮೇಲೆ ಕಂದುಬಣ್ಣದ ಕಲೆ ಕಂಡಿತು. ಬೆರಳಿಗೆ ಸೂಜಿ ಚುಚ್ಚಿ ಬಟ್ಟೆಯ ಮೇಲೆ ಒಂದು ಹನಿ ಬೀಳುತ್ತದಲ್ಲ, ಅಷ್ಟೇ. ಹಿಂದಿನ ಸಲವೂ ಅಷ್ಟರಿಂದಲೇ ಶುರುವಾಗಿತ್ತು. ಅವಳು ಮಂಚದ ತುದಿಯಲ್ಲಿ ಕೂತಳು. ಆಮೇಲೆ ಎದ್ದು ಗೋಡೆಗೆ ಒರಗಿ ಅಳತೆ ತೆಗೆದಳು. ಚೀಟಿಯ ಹಿಂದೆ ಜಾಗ ಮುಗಿದಿತ್ತು. ಮುಂಬದಿಯಲ್ಲಿ, ಗಿರಾಕಿಗೆ ಬರೆಯುವ ಹಾಗೆ, ಭುಜದಿಂದ ಮೊದಲುಗೊಂಡು ಎಲ್ಲ ಅಳತೆಯನ್ನೂ ಬರೆದಳು. ಯಾಕೆ ಬರೆದೆ ಎಂದು ಅವಳಿಗೇ ತಿಳಿಯಲಿಲ್ಲ. ನಂಬರಿನ ಜಾಗ ಖಾಲಿ ಬಿಟ್ಟು, ಚೀಟಿಯನ್ನು ಅಂಗಿಯ ಮೇಲಿನ ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಕೆಲಸಕ್ಕೆ ನಡೆದಳು.

ಅವತ್ತು ಒಂಬತ್ತು ಗಿರಾಕಿಗಳು. ಅವಳು ಗಳಿಗೆಗೊಮ್ಮೆ ಬಚ್ಚಲಿಗೆ ಹೋಗಿ ನೋಡಿ ಬರುತ್ತಿದ್ದಳು. ಐದನೆಯವಳು ಆಸ್ಪತ್ರೆಯೊಂದರ ಹಿರಿಯ ನರ್ಸು, ತುಂಬು ಮೈಯ ಹೆಂಗಸು, ಬಿಳಿ ಕೋಟು ಹೊಲಿಸಲು ಬಂದಿದ್ದಳು. ಗುಂಡುಸೂಜಿ ಅವಳ ಚೀಟಿಯನ್ನು ಜೇಬಿಗೆ ಹಾಕಿದಳು, ತನ್ನದನ್ನು ಬಟ್ಟೆಗೆ ಚುಚ್ಚಿದಳು.

ತಪ್ಪು ಬೆಳಕಿಗೆ ಬಂದದ್ದು ಬುಧವಾರ, ನರ್ಸು ಕೋಟು ತೊಟ್ಟು ನೋಡಿದಾಗ. ಗುಂಡಿಗೂ ಕಾಜಕ್ಕೂ ನಡುವೆ ಒಂದು ಗೇಣು ಅಂತರವಿತ್ತು. ನರ್ಸು ಕನ್ನಡಿಯಲ್ಲಿ ನೋಡಿಕೊಂಡು ಗಟ್ಟಿಯಾಗಿ ನಕ್ಕುಬಿಟ್ಟಳು. ಯಜಮಾನಿ ನಗಲಿಲ್ಲ. ನಡುಕೋಣೆಗೆ ಹೋಗಿ ಮಾಸ್ಟರ ಮುಂದೆ ಕೈ ಚಾಚಿದಳು, ಚೀಟಿ ಎಲ್ಲಿ ಎಂದು. ಗುಂಡುಸೂಜಿ ಜೇಬು ತಡಕಿದಳು. ಅಲ್ಲಿದ್ದದ್ದು ನರ್ಸಿನ ಚೀಟಿ.

ಮಾಸ್ಟರು ಯಜಮಾನಿಯ ಭಾಷೆಯಲ್ಲಿ ಏನೋ ಹೇಳಿದರು, ಕನ್ನಡಕ ತೆಗೆದು ಕಣ್ಣು ತೋರಿಸಿದರು, ಕೈ ಮುಗಿಯುವ ಹಾಗೆ ಮಾಡಿದರು. ಯಜಮಾನಿಯ ದನಿ ಏರಿತು. ಮೆಷಿನ್‌ಗಳೆಲ್ಲ ನಿಂತವು. ಅವಳು ಆ ಕಡೆ ತಿರುಗಿದ ಮೇಲೆ ಮಾಸ್ಟರು ಇವಳ ಬಳಿ ಬಂದು, ಮಡಚಿದ ಹಳದಿ ಚೀಟಿಯನ್ನು ಇಸ್ತ್ರಿ ಮೇಜಿನ ಮೇಲಿಟ್ಟರು.

"ಒಳಗಿಟ್ಕೋ. ಯಾರ ಕೈಗೂ ಸಿಕ್ಕೋದು ಬೇಡ."

"ಏನು ಹೇಳಿದ್ರಿ ಅವರಿಗೆ?"

"ಚೀಟಿ ಕಳೆದುಹೋಯ್ತು, ನೆನಪಿಂದ ಕತ್ತರಿಸಿದೆ ಅಂದೆ. ಮುದುಕ, ಕಣ್ಣು ಮಂಜು. ಬೈದ್ರು. ಬೈಸ್ಕೊಂಡು ಅಭ್ಯಾಸ ಇದೆ, ನಂಗೂ ಹೆಂಡ್ತಿ ಇದ್ದಳು."

"ಮಾಸ್ಟ್ರೇ, ನೀವು ಹಿಂದುಗಡೆ..."

"ಕತ್ತರಿಸಿ ಆದ್ಮೇಲೆ ತಿರುಗಿಸಿ ನೋಡ್ದೆ. ಬಟ್ಟೆ ಕೆಟ್ಟಾಗಿತ್ತು, ಬಾಯಿಬಿಟ್ರೆ ನಿನ್ನ ಗುಟ್ಟೂ ಹೊರಬೀಳ್ತಿತ್ತು. ನಂಬರ್ ನೋಡದೆ ಕತ್ತರಿ ಹಾಕಿದ್ದು ನನ್ನ ತಪ್ಪೇ ಅಲ್ವಾ." ಅವರು ದನಿ ತಗ್ಗಿಸಿದರು. "ನಲವತ್ತು ವರ್ಷದಿಂದ ಅಳತೆ ಓದ್ತಿದೀನಮ್ಮ. ಊಟ ಮಾಡಿ ದಪ್ಪ ಆದವರಿಗೆ ಮೊದಲು ಸೊಂಟ ಬರುತ್ತೆ. ಸೊಂಟ ಅಲ್ಲೇ ನಿಂತು ಎದೆ ಒಂದೇ ಏರ್ತಾ ಇದ್ರೆ ಅದು ಊಟದ್ದಲ್ಲ."

"ಅತ್ತೆಗೆ ಹೇಳಿಬಿಟ್ರಾ?"

"ಸೋಮವಾರದಿಂದ ಬಾಯಿ ಕಚ್ಕೊಂಡಿದೀನಿ. ಹಲ್ಲು ನೋಯ್ತಿದೆ."

ಅವಳಿಗೆ ನಗು ಬಂತು, ನಗುವಿನ ಹಿಂದೆಯೇ ಅಳು ಬಂತು. ಆದರೆ ಆಚೆ ಯಜಮಾನಿ ಮಾಸ್ಟರ ಕತ್ತರಿಯನ್ನು ಎತ್ತಿ ಇನ್ನೊಬ್ಬನ ಕೈಗೆ ಕೊಡುತ್ತಿದ್ದಳು. ಇಪ್ಪತ್ತೆರಡು ವರ್ಷ ಹಿಡಿದ ಕತ್ತರಿ. ಮಾಸ್ಟರು ಅದನ್ನು ನೋಡಿ ಸುಮ್ಮನೆ ಬೆರಳು ಒರೆಸಿಕೊಳ್ಳತೊಡಗಿದರು. ಗುಂಡುಸೂಜಿ ಇಸ್ತ್ರಿ ಆರಿಸಿ, ನಡೆದುಹೋಗಿ, ಎರಡೂ ಚೀಟಿಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಳು. ನರ್ಸಿನದನ್ನು ತೋರಿಸಿ ಜೇಬು ಮುಟ್ಟಿದಳು. ಇನ್ನೊಂದನ್ನು ತೋರಿಸಿ ತನ್ನ ಎದೆ ಮುಟ್ಟಿಕೊಂಡಳು.

ಯಜಮಾನಿ ಕನ್ನಡಕ ಏರಿಸಿ ಓದಿದಳು. ಹಿಂದೆ ತಿರುಗಿಸಿದಳು. ಅವಳ ಬೆರಳು ಎದೆಯ ಸಾಲಿನಲ್ಲಿ ಇಳಿಯಿತು, ಸೊಂಟದ ಸಾಲಿನಲ್ಲಿ ಇಳಿಯಿತು, ತಾರೀಖಿನ ಬಳಿ ನಿಂತಿತು. ಆಮೇಲೆ ಇವಳ ತೋಳಿಗೆ ಚುಚ್ಚಿದ್ದ ಗುಂಡುಸೂಜಿಗಳನ್ನು ನೋಡಿದಳು. ಮಾಸ್ಟರಿಗೆ ನಾಲ್ಕು ಮಾತು ಹೇಳಿ, ಪತ್ರ ಬರೆಯಲು ಕೂತಳು.

"ಡಾಕ್ಟರ ಹತ್ರ ಹೋಗಿದೀಯಾ ಅಂತಿದಾರೆ. ಇವತ್ತೇ ಹೋಗ್ಬೇಕಂತೆ. ನಾನು ಜೊತೆಗೆ ಹೋಗ್ಬೇಕಂತೆ, ಮಾತಿಗೆ." ಮಾಸ್ಟರು ತಲೆ ಕೆರೆದುಕೊಂಡರು. "ಈ ವಯಸ್ಸಲ್ಲಿ ನಂಗೆ ಇದೊಂದು ಬಾಕಿ ಇತ್ತು."

"ಕೆಲಸ?"

"ಕೇಳ್ದೆ. ಪರೀಕ್ಷೆಯ ಮೂರು ತಿಂಗಳು ಎಲ್ಲರಿಗೂ ಮೂರು ತಿಂಗಳೇ ಅಂದ್ರು. ನಾಳೆಯಿಂದ ಇಸ್ತ್ರಿ ಬೇಡ, ಕೂತು ಕಾಜ ಹೊಲಿ ಅಂದ್ರು. ಎರಡನ್ನೂ ಒಂದೇ ಮುಖದಲ್ಲಿ ಹೇಳಿದ್ರಮ್ಮ, ನಂಗೂ ಅರ್ಥ ಆಗಲಿಲ್ಲ."

ಆಸ್ಪತ್ರೆಯಲ್ಲಿ ಮಾಸ್ಟರು ಪರದೆಯ ಆಚೆ, ಗೋಡೆಗೆ ಮುಖ ಮಾಡಿ ಕೂತರು. ಡಾಕ್ಟರು ಕೇಳಿದ್ದಕ್ಕೆ ಬಹಳ ಹೊತ್ತು ಕೆಮ್ಮಿದರು.

"ತಾರೀಖು ಕೇಳ್ತಿದಾರಮ್ಮ."

"ಯಾವ ತಾರೀಖು?"

"ಯಾವ ತಾರೀಖು ಅಂತ ನಾನು ಹೇಗಮ್ಮ ಹೇಳ್ಲಿ! ನಿಂಗೇ ಗೊತ್ತಿರುತ್ತಲ್ಲ, ಅದು."

ಅವಳು ಹೇಳಿದಳು. ಕಲೆ ಕಂಡದ್ದನ್ನೂ ಹೇಳಿದಳು. ಹೊಟ್ಟೆಯ ಮೇಲೆ ತಣ್ಣನೆಯದೇನೋ ಸವರಿದರು. ಅವಳು ಚಾವಣಿಯ ಹಲಗೆಗಳನ್ನು ಎಣಿಸಿದಳು. ಹದಿನಾಲ್ಕಾದವು. ಡಾಕ್ಟರು ಏನೂ ಮಾತಾಡಲಿಲ್ಲ. ಮತ್ತೆ ಮೊದಲಿನಿಂದ ಎಣಿಸತೊಡಗಿದಳು. ಹಿಂದಿನ ಸಲವೂ ಡಾಕ್ಟರು ಹೀಗೇ ಸುಮ್ಮನಿದ್ದರು.

ಆಮೇಲೆ ಒಂದು ಸದ್ದು ಕೋಣೆ ತುಂಬಿತು. ಬಿರುಸಾಗಿ, ಒಂದೇ ಸಮ.

"ಅದೇನಮ್ಮ?" ಎಂದರು ಮಾಸ್ಟರು ಪರದೆಯಾಚೆಯಿಂದ. "ಒಳಗೆ ಯಾರು ಮೆಷಿನ್ ತುಳೀತಿರೋದು?"

ಡಾಕ್ಟರು ಹೇಳಿದ್ದನ್ನು ಮಾಸ್ಟರೇ ತಿಳಿಸಿದರು. ಮಗುವಿನ ಎದೆಬಡಿತ ಈಗ ಸರಿಯಾಗಿದೆ, ಕಲೆ ಮತ್ತೆ ಕಂಡರೆ ಓಡಿ ಬರಬೇಕು, ಎರಡು ವಾರಕ್ಕೆ ಮತ್ತೆ ನೋಡೋಣ. ಮುಂದೇನೂ ಆಗುವುದಿಲ್ಲ ಎಂದು ಯಾರೂ ಹೇಳಲಿಲ್ಲ. ಅವಳು ಅದನ್ನು ಗಮನಿಸಿದಳು.

ಮರುದಿನ ಮಧ್ಯಾಹ್ನ ಮೆಟ್ಟಿಲ ಮೇಲೆ ಕೂತು ಫೋನು ಮಾಡಿದಳು. ಹನ್ನೆರಡು ವಾರಕ್ಕೆ ಇನ್ನೂ ಮೂರು ಉಳಿದಿತ್ತು.

"ಊಟ ಆಯ್ತಾ?" ಎಂದ ಗಂಡ.

"ಇಲ್ಲ. ಅತ್ತೆಗೆ ಕೊಡಿ."

"ಏನೇ ಗುಂಡುಸೂಜಿ?" ಅತ್ತೆಯ ದನಿಯ ಹಿಂದೆ ಕತ್ತರಿ ಆಡುವ ಸದ್ದು ಕೇಳುತ್ತಿತ್ತು.

"ಅತ್ತೆ, ಒಂದು ಅಳತೆ ಓದ್ತೀನಿ, ಕೇಳಿ. ಇಲ್ಲಿಗೆ ಬಂದ ಮೊದಲ ವಾರ ಎದೆ ಮೂವತ್ಮೂರು, ಸೊಂಟ ಇಪ್ಪತ್ತೊಂಬತ್ತು. ಎರಡನೇ ವಾರ ಮೂವತ್ಮೂರು ಕಾಲು, ಇಪ್ಪತ್ತೊಂಬತ್ತು. ಮೂರನೇ ವಾರ ಮೂವತ್ಮೂರೂವರೆ, ಇಪ್ಪತ್ತೊಂಬತ್ತು..."

ಕತ್ತರಿ ನಿಂತಿತು. ಅವಳು ಐದನೆಯ ವಾರದ ತನಕ ಓದಿದಳು.

"ಏನಂತಮ್ಮಾ?" ಎಂದು ಗಂಡ ಹಿಂದೆ ಕೇಳುತ್ತಿದ್ದ.

"ನೀನು ಆಚೆ ಹೋಗಿ ವ್ಯಾನು ತೊಳಿ ಹೋಗು" ಎಂದರು ಅತ್ತೆ. ಆಮೇಲೆ ಬಹಳ ಮೆಲ್ಲಗೆ, ಅವರ ಬಾಯಿಂದ ಅಷ್ಟು ಮೆಲ್ಲಗಿನ ಮಾತನ್ನು ಅವಳು ಎಂದೂ ಕೇಳಿರಲಿಲ್ಲ, "ಬೆನ್ನ ಹಿಂದೆ ಟೇಪು ಯಾರು ಹಿಡಿದ್ರೇ?" ಎಂದರು.

"ಯಾರೂ ಇಲ್ಲ ಅತ್ತೆ. ಗೋಡೆಗೆ ಒರಗಿಕೊಂಡೆ."

ಅತ್ತೆ ಮೂಗು ಒರೆಸಿಕೊಂಡದ್ದು ಕೇಳಿಸಿತು. "ಅವನಿಗೆ ನೀನೇ ಹೇಳು. ನಾನು ಹೇಳಲ್ಲ. ಈ ಸಲ ಯಾರಿಗೂ ಹೇಳಲ್ಲ, ಹಾಲಿನವನಿಗೂ." ಆಮೇಲೆ, "ಇನ್ನು ಸೋಮವಾರ ಅಳೆಯೋ ಹೊತ್ತಿಗೆ ನಂಗೆ ಫೋನ್ ಮಾಡು. ಟೇಪು ಹಿಡಿಯಕ್ಕಾಗಲ್ಲ, ಓದೋದನ್ನ ಕೇಳಿಸ್ಕೊಳ್ತೀನಿ" ಎಂದರು.

ಒಳಗೆ ಗಂಟೆ ಹೊಡೆಯಿತು. ಅವಳು ಡಬ್ಬಿ ಬಿಚ್ಚಿ, ತಣ್ಣಗಾದ ಅನ್ನವನ್ನು ಉಸಿರು ಬಿಗಿಹಿಡಿದು ನಾಲ್ಕು ತುತ್ತು ತಿಂದಳು. ಫೋನು ಕೈಯಲ್ಲಿ ಇನ್ನೂ ಬೆಚ್ಚಗಿತ್ತು. ಹಿತ್ತಲಲ್ಲಿ ಅವಳೊಬ್ಬಳೇ ಇದ್ದಳು. ಎದ್ದು ಕೈ ತೊಳೆದುಕೊಂಡು, ಕಾಜ ಹೊಲಿಯಲು ಒಳಗೆ ಹೋದಳು.