ಐದು ಅಕ್ರೋಟಿನ ಮಾತು

"ಗುದ್ದು 'ದಾ' ಮೇಲೆ ಬೀಳ್ಬೇಕು ಮಾವ! ಪಾಪ, ಆ 'ತು' ನಿಮಗೇನು ಮಾಡಿದೆ?"

ಬೆಳಕು ಈಗಷ್ಟೇ ಹರಿಯುತ್ತಿದೆ. ಸಿರೆತ್ ನದಿ ದಂಡೆಯ ನಮ್ಮೂರ ಆಸ್ಪತ್ರೆಯಲ್ಲಿ, ಬಟ್ಟೆ ಒಗೆಯುವ ಕೋಣೆಯ ಪಕ್ಕ, ಅಗ್ಲಾಯಾ ಹ್ರಿಸ್ಕು ಮೇಜಿನ ಮೇಲೆ ಐದು ಅಕ್ರೋಟು ಸಾಲಾಗಿಟ್ಟಿದ್ದಾರೆ. ಮಾತು ಕಳೆದುಕೊಂಡವರಿಗೆ ಮಾತು ಕಲಿಸುವುದು ಇವರ ಕೆಲಸ. ಉದ್ದನೆಯ ಪದವನ್ನು ತುಂಡು ಮಾಡುತ್ತಾರೆ, ತುಂಡಿಗೊಂದು ಅಕ್ರೋಟು. ಒತ್ತಿ ಹೇಳಬೇಕಾದ ಕಡೆ ಮೇಜಿಗೊಂದು ಗುದ್ದು. ಅಷ್ಟೇ ಇವರ ವಿದ್ಯೆ ಅನ್ನುವವರು ಒಂದು ದಿನ ಇಲ್ಲಿ ಬಂದು ಕೂರಲಿ!

ಎದುರಿಗೆ ಕೂತ ಸಿಲ್ವೆಸ್ಟ್ರು ಬಸ್ ಚಾಲಕರಾಗಿದ್ದವರು. ಚಳಿಗಾಲದಲ್ಲಿ ಲಕ್ವ ಹೊಡೆದು ನಾಲಿಗೆ ಬಿದ್ದುಹೋಯಿತು. ಮದುವೆಗೆ ಧರ್ಮಪಿತನಾಗಿ ನಿಂತವನೇ ಆ ದಂಪತಿಯ ಮಗುವಿನ ದೀಕ್ಷಾಸ್ನಾನಕ್ಕೂ ನಿಲ್ಲಬೇಕೆಂಬುದು ನಮ್ಮ ಕಡೆಯ ಕಟ್ಟುಪಾಡು. ಇವರು ಹಾಗೆ ನಿಂತಿದ್ದ ಜೋಡಿಯ ಮಗುವಿಗೆ ಈ ಭಾನುವಾರ ದೀಕ್ಷಾಸ್ನಾನ. ಪಾದ್ರಿಗಳು "ಸೈತಾನನನ್ನು ತೊರೆದೆಯಾ?" ಎಂದು ಮೂರು ಸಲ ಕೇಳುತ್ತಾರೆ. ಮಗುವಿನ ಪರವಾಗಿ ಇವರು "ಲೆಪದಾತುಮಮ್", ಅಂದರೆ ತೊರೆದೆ, ಎನ್ನಬೇಕು. ಆಗದಿದ್ದರೆ ಆ ಜಾಗ ಇವರ ಭಾವಮೈದುನನಿಗೆ. ಆತ ಆಗಲೇ ಹೊಸ ಕೋಟು ಹೊಲಿಸಿಕೊಂಡಿದ್ದಾನೆ.

"ಲೆ... ಪ..." ಸಿಲ್ವೆಸ್ಟ್ರು ಬೆವರುತ್ತಾರೆ. ಸಿಟ್ಟಿಗೆದ್ದು ಒಂದು ಅಕ್ರೋಟನ್ನು ಬಾಗಿಲಿಗೆ ಬೀಸಿ ಒಗೆಯುತ್ತಾರೆ.

"ಎಸೀರಿ, ಎಸೀರಿ. ಸೈತಾನ ಕುಣೀತಾ ಇರ್ತಾನೆ," ಎನ್ನುತ್ತಾ ಅಗ್ಲಾಯಾ ಅದನ್ನು ಹೆಕ್ಕಿ ತಂದು ಮತ್ತೆ ಸಾಲಿಗೆ ಸೇರಿಸುತ್ತಾರೆ.

ದಿನಕ್ಕೆ ಎಂಟು ಹತ್ತು ಮಂದಿ ಇಲ್ಲಿಗೆ ಬರುತ್ತಾರೆ. ಅಳುವವರು, ಹಲ್ಲು ಕಡಿಯುವವರು, ಹೆಂಡತಿಯ ಹೆಸರು ಬಾರದೆ ನಾಚುವವರು. "ಮೊದ್ಲು ವಾಪಸ್ ಬರೋದು ಬೈಗುಳ ಕಣ್ರೀ, ಪ್ರಾರ್ಥನೆ ಆಮೇಲೆ. ನಾನು ತಿಂದಿರೋ ಬೈಗುಳಕ್ಕೆ ಲೆಕ್ಕ ಇಲ್ಲ. ಬೈದ್ರೆ ನಂಗೆ ಹಬ್ಬ," ಎಂದು ಅಗ್ಲಾಯಾ ಕಿಸಕ್ಕನೆ ನಗುತ್ತಾರೆ.

ಭಾನುವಾರ ನಾನೂ ಚರ್ಚಿಗೆ ಹೋದೆ. ಪಾದ್ರಿಗಳು ಕೇಳಿದರು. ಎಲ್ಲರೂ ಉಸಿರು ಬಿಗಿಹಿಡಿದರು. "ಲೆ-ಪ-ದಾ!" ಅಭ್ಯಾಸಬಲ ನೋಡಿ, ಸಿಲ್ವೆಸ್ಟ್ರು ಅವರ ಮುಷ್ಟಿ ದೀಕ್ಷಾಸ್ನಾನದ ಹಂಡೆಯ ಅಂಚಿಗೆ ಬಡಿದು, ನೀರು ಚಿಮ್ಮಿ ಪಾದ್ರಿಗಳ ಗಡ್ಡವೆಲ್ಲ ತೊಯ್ದುಹೋಯಿತು. "ತು-ಮಮ್!"

"ಏನಪ್ಪಾ, ಮಗುಗಿಂತ ಮೊದ್ಲು ನನಗೇ ಸ್ನಾನಾನಾ?" ಎಂದು ಪಾದ್ರಿಗಳು ಗಡ್ಡ ಹಿಂಡಿಕೊಂಡರು. ಚರ್ಚಿಗೆ ಚರ್ಚೇ ನಕ್ಕಿತು. ಎರಡನೆಯ ಸಲವೂ ಗುದ್ದು, ಎರಡನೆಯ ಸಲವೂ ನೀರು. ಮೂರನೆಯ ಸಲ ಗುದ್ದೇ ಇಲ್ಲದೆ ಪದ ಇಡಿಯಾಗಿ ಬಂತು. ಭಾವಮೈದುನ ಹೊಸ ಕೋಟಿನ ತೋಳಿನಲ್ಲೇ ಕಣ್ಣೊರೆಸಿಕೊಂಡ.

ಅಗ್ಲಾಯಾ ಹಿಂದೆ, ಬಾಗಿಲ ಬಳಿ ನಿಂತಿದ್ದರು. ಹೇಗನ್ನಿಸಿತು ಎಂದು ಕೇಳಿದೆ.

"ಎರಡು ಸಲ ನನ್ನ ತುಟೀನೂ ಅವರ ಜೊತೆ ಆಡ್ತಿತ್ತು," ಎಂದರು. "ಮೂರನೇ ಸಲ ಸುಮ್ನೆ ನಿಂತು ಕೇಳಿದೆ ಕಣ್ರೀ."